ಹ್ಯಾರಿ ಪಾಟರ್ ಪೊರಕೆ ಏರಿದ ಊರಿನಲ್ಲಿ...

ಇಂಗ್ಲೆಂಡಿನ ಉತ್ತರದ ಅಂಚಿಗೆ ಒಂದು ಪುಟ್ಟ ಸಂತೆ ಊರು. ಜನಸಂಖ್ಯೆ ಎಂಟು ಸಾವಿರ ಚಿಲ್ಲರೆ. ಆದರೆ ಆ ಊರಿನ ಕೋಟೆ ‘ನಟಿಸಿರುವ’ ಚಿತ್ರಗಳ ಪಟ್ಟಿ ನೋಡಿದರೆ ಎಂಥ ತಾರೆಗೂ ಹೊಟ್ಟೆಕಿಚ್ಚಾಗಬೇಕು!

“ಆಲ್ನ್‌ವಿಕ್‌ಗೆ ಎರಡೂವರೆ ಟಿಕೆಟ್ ಕೊಡಿ” ಎಂದೆ.

ನ್ಯೂಕ್ಯಾಸಲ್ ನಗರದ ಹೇಮಾರ್ಕೆಟ್ ಬಸ್ ನಿಲ್ದಾಣ. ಅಲ್ಲಿ ಬಸ್ಸಿಗೆ ಕಂಡಕ್ಟರ್ ಇಲ್ಲ, ಡ್ರೈವರೇ ಟಿಕೆಟ್ ಕೊಡುವವನು. ಆತ ನನ್ನ ಮುಖವನ್ನೇ ನೋಡಿದ. ಹಿಂದಿನಿಂದ ನನ್ನ ಅಕ್ಕನ ಮಗಳು ಕೋಟು ಹಿಡಿದು ಎಳೆದಳು.

“ಮಾಮ, ಹಾಗನ್ನಬೇಡಿ. ಆನಿಕ್ ಅನ್ನಿ, ಆನಿಕ್!”

ಬರೆಯುವುದು ಒಂದು, ಕರೆಯುವುದು ಇನ್ನೊಂದು. ನಡುವಿನ ಎಲ್ ಅಕ್ಷರವನ್ನೂ ಡಬ್ಲ್ಯೂ ಅಕ್ಷರವನ್ನೂ ಊರಿನವರು ನುಂಗಿ ನೀರು ಕುಡಿದಿದ್ದಾರೆ. ಬೆಂಗಳೂರನ್ನು ಬ್ಯಾಂಗಲೋರ್ ಮಾಡಿದ ಜನ ತಮ್ಮ ಊರನ್ನೂ ಬಿಟ್ಟಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ‘ಆನಿಕ್’ ಎಂದೊಡನೆ ಡ್ರೈವರ್ ಮಹಾಶಯ ನಕ್ಕ. ಟಿಕೆಟ್ ಬಂತು.

ಎರಡೂವರೆ ಎಂದೆನಲ್ಲ, ಆ ಅರ್ಧ ಟಿಕೆಟ್ಟಿನ ಒಡತಿಯೇ ಈ ಪ್ರಯಾಣದ ನಿಜವಾದ ನಿರ್ಮಾಪಕಿ. ಅಕ್ಕನ ಮಗಳ ಮಗಳು, ಒಂಬತ್ತು ವರ್ಷದ ಪುಟ್ಟಿ. ತಾಯಿ ನ್ಯೂಕ್ಯಾಸಲ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗುವಿನ ಕನ್ನಡದಲ್ಲಿ ಅರ್ಧ ಇಂಗ್ಲಿಷು, ಇಂಗ್ಲಿಷಿನಲ್ಲಿ ಪೂರ್ತಿ ನ್ಯೂಕ್ಯಾಸಲ್ಲು. ನಾನು ವಿಮಾನದಿಂದ ಇಳಿದ ದಿನವೇ ಹಠ ಹಿಡಿದಿದ್ದಳು. “ತಾತ, ಹಾಗ್ವಾರ್ಟ್ಸ್ ನೋಡೋಕೆ ಹೋಗೋಣ!” ಹಾಗ್ವಾರ್ಟ್ಸ್ ಎಂದರೆ ಹ್ಯಾರಿ ಪಾಟರ್ ಕತೆಯ ಮಾಟಮಂತ್ರದ ಶಾಲೆ. ಅದು ಈ ಆನಿಕ್‌ನ ಕೋಟೆ ಎಂದು ಅವಳ ಕ್ಲಾಸಿನಲ್ಲಿ ಯಾರೋ ಹೇಳಿದ್ದಾರೆ. ಅದು ಅರ್ಧ ಸತ್ಯ. ಉಳಿದರ್ಧದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಂತೆಯ ಬೀದಿ

ನ್ಯೂಕ್ಯಾಸಲ್‌ನಿಂದ ಉತ್ತರಕ್ಕೆ ಮೂವತ್ತೈದು ಮೈಲಿಯೊಳಗಿನ ದಾರಿ. ಬಸ್ಸು ಊರಿಗೆ ಹತ್ತಿರವಾಗುತ್ತಿದ್ದಂತೆ ಬೀದಿಗೆ ಅಡ್ಡಲಾಗಿ ಒಂದು ಕಲ್ಲಿನ ಹೆಬ್ಬಾಗಿಲು. ಹದಿನೈದನೆಯ ಶತಮಾನದ್ದು. ಹೆಸರು ಬಾಂಡ್‌ಗೇಟ್ ಟವರ್, ಜನ ಕರೆಯುವುದು ಹಾಟ್‌ಸ್ಪರ್ ಟವರ್. ಒಂದು ಸಲಕ್ಕೆ ಒಂದೇ ಸಾಲು ವಾಹನ ನುಗ್ಗಬಹುದು. ಇವತ್ತಿಗೂ ಊರಿನ ಕಾರುಗಳು ಅದರೊಳಗೇ ನುಸುಳಿ ಹೋಗಬೇಕು. ಕೆಡವಿ ರಸ್ತೆ ಅಗಲ ಮಾಡೋಣ ಎಂದು ಯಾರಿಗೂ ತೋಚದಿದ್ದದ್ದು ನಮ್ಮ ಪುಣ್ಯ.

ಒಳಗೆ ಕಲ್ಲು ಹಾಸಿದ ಮಾರುಕಟ್ಟೆ ಚೌಕ. 1291ರಲ್ಲಿ ಸಂತೆಗೆ ರಾಜಾಜ್ಞೆ ಸಿಕ್ಕಿತಂತೆ. ಅಂದಿನಿಂದ ನಡೆದುಬಂದ ಸಂತೆ ಈಗಲೂ ಗುರುವಾರ, ಶನಿವಾರ ಸೇರುತ್ತದೆ. ನಾವು ಹೋದದ್ದು ಶನಿವಾರವೇ. ಪಟ್ಟೆ ಪಟ್ಟೆ ಗುಡಾರಗಳ ಕೆಳಗೆ ಚೀಸು, ಬ್ರೆಡ್ಡು, ಗಿಡದ ಕುಂಡ, ಉಣ್ಣೆ ಟೋಪಿ. ಕೂಗಾಟವಿಲ್ಲ, ಚೌಕಾಸಿ ಇಲ್ಲ. ನಮ್ಮ ಕಡೆಯ ಸಂತೆ ನೋಡಿ ಬೆಳೆದವನಿಗೆ ಶಬ್ದ ಬಾರದ ಮೂಕಿ ಚಿತ್ರ ನೋಡಿದ ಹಾಗೆ!

ಚೌಕದ ಅಂಚಿಗೆ 1765ರ ಒಂದು ನೀರಿನ ಕಾರಂಜಿ. ಮೇಲೆ ಸಂತ ಮೈಕೇಲ್ ರಾಕ್ಷಸ ಸರ್ಪವನ್ನು ತುಳಿಯುತ್ತಿರುವ ವಿಗ್ರಹ. ಸಾರ್ವಜನಿಕ ಕಾರಂಜಿಗೆ ಈ ಸೀಮೆಯ ಭಾಷೆಯಲ್ಲಿ ‘ಪ್ಯಾಂಟ್’ ಎನ್ನುತ್ತಾರೆ. ‘ಸಂತ ಮೈಕೇಲರ ಪ್ಯಾಂಟ್’ ಎಂದು ಹೆಸರು ಓದಿ ಪುಟ್ಟಿ ಕೆಳಗೆ ಕೂತು ನಕ್ಕಳು. ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಇನ್ನೊಂದು ಬೀದಿಯಲ್ಲಿ ಹಳೆಯ ಪಬ್ ಒಂದರ ಕಿಟಕಿ. ಒಳಗೆ ಧೂಳು ಹಿಡಿದ, ಜೇಡ ಬಲೆ ಕಟ್ಟಿದ ಹಳೆಯ ಬಾಟಲಿಗಳು. ಇನ್ನೂರು ವರ್ಷಕ್ಕೂ ಹಿಂದೆ ಅವನ್ನು ಎತ್ತಿಡಲು ಹೋದ ಯಜಮಾನ ಅಲ್ಲೇ ಕುಸಿದು ಸತ್ತನಂತೆ. ಮುಟ್ಟಿದವರಿಗೆ ಅದೇ ಗತಿ ಎಂದು ಹೆಂಡತಿ ಹೇಳಿದಳಂತೆ. ಅಂದಿನಿಂದ ಯಾರೂ ಕೈ ಹಾಕಿಲ್ಲ. ಹೊರಗಿನಿಂದ ಗಾಜು ಮಾತ್ರ ಥಳಥಳ! ಶಾಪಕ್ಕೆ ನಾವೇ ಹೆದರುವುದು ಎಂದುಕೊಂಡಿದ್ದೆ.

ಸಾಯದ ಸೈನಿಕರು

ಇನ್ನು ಕಥಾನಾಯಕನಿಗೆ ಬರೋಣ. ಆನಿಕ್ ಕೋಟೆ!

ಸುಮಾರು 1096ರಲ್ಲಿ ಮೊದಲ ಕಟ್ಟಡ ಎದ್ದದ್ದು ಸ್ಕಾಟ್ಲೆಂಡಿನ ದಾಳಿ ತಡೆಯಲು. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1093ರಲ್ಲಿ ಸ್ಕಾಟ್ಲೆಂಡಿನ ದೊರೆ ಮೂರನೆಯ ಮಾಲ್ಕಂ ಈ ಊರಿನ ಹತ್ತಿರದಲ್ಲೇ ಯುದ್ಧದಲ್ಲಿ ಸತ್ತ. ಯಾವ ಮಾಲ್ಕಂ ಗೊತ್ತೇ? ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಕೊನೆಯಲ್ಲಿ ಪಟ್ಟಕ್ಕೆ ಬರುತ್ತಾನಲ್ಲ, ಅದೇ ಮಾಲ್ಕಂ! ನಾಟಕದಲ್ಲಿ ಅವನಿಗೆ ಸುಖಾಂತ, ಚರಿತ್ರೆಯಲ್ಲಿ ಆನಿಕ್.

1309ರಲ್ಲಿ ಕೋಟೆಯನ್ನು ಪರ್ಸಿ ಮನೆತನ ಕೊಂಡಿತು. ಏಳುನೂರು ವರ್ಷ ದಾಟಿದರೂ ಕೋಟೆ ಅದೇ ಮನೆತನದ ಕೈಯಲ್ಲಿದೆ. ಈಗಿನ ಯಜಮಾನರ ಬಿರುದು ಡ್ಯೂಕ್ ಆಫ್ ನಾರ್ಥಂಬರ್ಲೆಂಡ್. ಮನೆಯವರು ಈಗಲೂ ವಾಸವಿರುವ ಕೋಟೆಗಳಲ್ಲಿ ಬ್ರಿಟನ್ನಿನಲ್ಲಿ ವಿಂಡ್ಸರ್ ಬಿಟ್ಟರೆ ಇದೇ ದೊಡ್ಡದು. ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ನಮ್ಮಂಥವರಿಗೆ ಪ್ರವೇಶ, ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಅವರ ಸಂಸಾರ.

ಈ ಮನೆತನದ ಮಹಾ ‘ಆಂಗ್ರಿ ಯಂಗ್ ಮ್ಯಾನ್’ ಹ್ಯಾರಿ ಪರ್ಸಿ. ಹುಟ್ಟಿದ್ದು 1364ರಲ್ಲಿ. ಕುದುರೆಗೆ ಸದಾ ಹಿಮ್ಮಡಿ ಒತ್ತಿ ಮುನ್ನುಗ್ಗುವವನೆಂದು ‘ಹಾಟ್‌ಸ್ಪರ್’ ಎಂಬ ಅಡ್ಡಹೆಸರು. 1403ರಲ್ಲಿ ರಾಜನ ಮೇಲೇ ತಿರುಗಿಬಿದ್ದು ಶ್ರೂಸ್‌ಬರಿ ರಣರಂಗದಲ್ಲಿ ಸತ್ತ. ಲಂಡನ್ನಿನ ಟಾಟನ್‌ಹ್ಯಾಂ ಹಾಟ್‌ಸ್ಪರ್ ಫುಟ್‌ಬಾಲ್ ತಂಡಕ್ಕೆ ಅವನದೇ ಹೆಸರು. ಊರಿನಲ್ಲೂ ಫುಟ್‌ಬಾಲ್ ಇದೆ, ಆದರೆ ಅದರ ಕತೆಯೇ ಬೇರೆ. ವರ್ಷಕ್ಕೊಮ್ಮೆ ಕ್ರೈಸ್ತರ ಉಪವಾಸ ಶುರುವಾಗುವ ಹಿಂದಿನ ದಿನ ಎರಡು ಪ್ಯಾರಿಷ್‌ಗಳ ಜನ ಕೋಟೆಯ ಕೆಳಗಿನ ಹುಲ್ಲುಗಾವಲಿನಲ್ಲಿ ಹೊಡೆದಾಡುತ್ತಾ ಆಡುತ್ತಾರೆ. ಕೊನೆಗೆ ಚೆಂಡನ್ನು ಆಲ್ನ್ ನದಿಗೆ ಎಸೆಯುತ್ತಾರೆ. ಕೊರೆಯುವ ನೀರಿಗೆ ಧುಮುಕಿ ತಂದವನಿಗೇ ಚೆಂಡು!

ಕೋಟೆಯ ಬುರುಜುಗಳ ಮೇಲೆ ಬಿಲ್ಲು ಬಾಣ, ಕಲ್ಲುಗುಂಡು ಹಿಡಿದು ಸೈನಿಕರು ನಿಂತಿದ್ದಾರೆ. ಒಬ್ಬನೂ ಅಲುಗಾಡುವುದಿಲ್ಲ. ಎಲ್ಲ ಕಲ್ಲಿನ ಬೊಂಬೆಗಳು, ಹದಿನೆಂಟನೆಯ ಶತಮಾನದಲ್ಲಿ ನಿಲ್ಲಿಸಿದ್ದು. ಬಿಸಿಲಿಗೆ ಬೇಸರವಿಲ್ಲ, ಊಟ ಕೇಳುವುದಿಲ್ಲ, ಬಟವಾಡೆಗೆ ಕ್ಯೂ ನಿಲ್ಲುವುದಿಲ್ಲ. ಇಂಥ ಎಕ್ಸ್‌ಟ್ರಾ ನಟರು ಸಿಕ್ಕರೆ ನಮ್ಮ ಗಾಂಧಿನಗರದ ನಿರ್ಮಾಪಕರು ಹೊತ್ತುಕೊಂಡೇ ಹೋಗುತ್ತಿದ್ದರು.

ಕಾಲ್‌ಷೀಟ್ ತುಂಬಿದ ಕೋಟೆ

1964ರ ‘ಬೆಕೆಟ್’ ಚಿತ್ರ ನೋಡಿದ್ದೀರಾ? ರಾಜನಾಗಿ ಪೀಟರ್ ಓ’ಟೂಲ್, ಗೆಳೆಯನಾಗಿದ್ದು ಧರ್ಮಗುರುವಾಗುವ ಬೆಕೆಟ್ ಆಗಿ ರಿಚರ್ಡ್ ಬರ್ಟನ್. ಆ ಷೂಟಿಂಗ್ ಇಲ್ಲಿ, ಪಕ್ಕದ ಬಾಮ್‌ಬರಾ ಕೋಟೆಯಲ್ಲಿ, ಅದರ ಕೆಳಗಿನ ಸಮುದ್ರ ತೀರದಲ್ಲಿ ನಡೆಯಿತು. ಮುರಿದ ಸ್ನೇಹದ ಇಬ್ಬರೂ ಕುದುರೆಯ ಮೇಲೆ ಕೂತು ಮರಳಿನಲ್ಲಿ ಎದುರಾಗುವ ದೃಶ್ಯ ಒಮ್ಮೆ ನೋಡಿದವರು ಮರೆಯಲಾರರು. ಚಿತ್ರಕ್ಕೆ ಹನ್ನೆರಡು ಆಸ್ಕರ್ ನಾಮಕರಣ. ಶ್ರೇಷ್ಠ ನಟನ ಪಟ್ಟಿಯಲ್ಲಿ ಇಬ್ಬರೂ ಇದ್ದರು. ಪ್ರಶಸ್ತಿ ಹೋದದ್ದು ‘ಮೈ ಫೇರ್ ಲೇಡಿ’ಯ ರೆಕ್ಸ್ ಹ್ಯಾರಿಸನ್‌ಗೆ! ಬರ್ಟನ್ ಏಳು ಸಲ, ಓ’ಟೂಲ್ ಎಂಟು ಸಲ ಸ್ಪರ್ಧೆಗೆ ನಿಂತು ಒಮ್ಮೆಯೂ ಗೆಲ್ಲಲಿಲ್ಲ. 2003ರಲ್ಲಿ ಓ’ಟೂಲ್‌ಗೆ ಗೌರವ ಆಸ್ಕರ್ ಕೊಟ್ಟು ಕೈ ತೊಳೆದುಕೊಂಡರು. ಅಷ್ಟು ಹೊತ್ತಿಗೆ ಬರ್ಟನ್ ತೀರಿಕೊಂಡು ಹತ್ತೊಂಬತ್ತು ವರ್ಷ ಸಮೀಪಿಸಿತ್ತು.

ಆಮೇಲೆ ಬಂದವರು ಎಷ್ಟು ಜನ! 1991ರಲ್ಲಿ ಕೆವಿನ್ ಕಾಸ್ಟ್‌ನರ್ ‘ರಾಬಿನ್ ಹುಡ್’ ಆಗಿ ಬಂದ. ಕೋಟೆಯ ಹಿಂದಿನ ಹಲ್ನ್ ಉದ್ಯಾನದ ಹಾಳು ಮಠವೇ ಅವನ ಮೇರಿಯನ್ನಳ ಮನೆ. ‘ಮಾಸೂಮ್’, ‘ಮಿಸ್ಟರ್ ಇಂಡಿಯಾ’ ತೆಗೆದ ನಮ್ಮ ಶೇಖರ್ ಕಪೂರ್ ಇಂಗ್ಲೆಂಡಿನ ರಾಣಿಯ ಕತೆಯನ್ನು ಇಂಗ್ಲಿಷರಿಗೇ ಹೇಳಲು ಹೊರಟು ‘ಎಲಿಜಬೆತ್’ (1998) ಚಿತ್ರಕ್ಕೆ ಹುಡುಕಿಕೊಂಡು ಬಂದದ್ದು ಈ ಸೀಮೆಯ ಕೋಟೆಗಳನ್ನೇ. ಆ ಚಿತ್ರಕ್ಕೆ ಏಳು ಆಸ್ಕರ್ ನಾಮಕರಣ. ಟೀವಿಯ ‘ಡೌನ್‌ಟನ್ ಅಬೆ’ಯ 2014, 2015ರ ಕ್ರಿಸ್‌ಮಸ್ ಕಂತುಗಳಲ್ಲಿ ಕೋಟೆಗೆ ಬ್ರಾಂಕ್ಯಾಸ್ಟರ್ ಎಂಬ ಹೆಸರಿನ ಪಾತ್ರ.

ಆದರೆ ಕೋಟೆಯನ್ನು ಮನೆಮಾತು ಮಾಡಿದ್ದು ‘ಹ್ಯಾರಿ ಪಾಟರ್’. 2001ರ ಮೊದಲ ಚಿತ್ರದಲ್ಲಿ ಡೇನಿಯಲ್ ರ‍್ಯಾಡ್‌ಕ್ಲಿಫ್ ಎಂಬ ಹುಡುಗ ಮೊದಲ ಸಲ ಪೊರಕೆ ಏರುವುದು ಇಲ್ಲಿನ ಹೊರ ಅಂಗಳದ ಹುಲ್ಲಿನ ಮೇಲೆ. ಅದೇ ಹುಲ್ಲಿನ ಮೇಲೆ ಈಗ ಮಂತ್ರವಾದಿ ವೇಷದ ಮಾಸ್ತರರು ಬಂದವರಿಗೆಲ್ಲ ಪೊರಕೆ ಹಾರಿಸುವ ಪಾಠ ಹೇಳುತ್ತಾರೆ. ಗುಟ್ಟು ಇಷ್ಟೇ: ಪೊರಕೆ ಕಾಲ ನಡುವೆ ಇಟ್ಟುಕೊಂಡು ನೆಗೆಯಬೇಕು, ನೆಗೆದ ಕ್ಷಣಕ್ಕೆ ಕ್ಯಾಮೆರಾ ಕ್ಲಿಕ್ಕಾಗಬೇಕು. ಪುಟ್ಟಿಯ ಫೋಟೋದಲ್ಲಿ ಅವಳು ನಿಜಕ್ಕೂ ಗಾಳಿಯಲ್ಲಿ ತೇಲುತ್ತಿದ್ದಾಳೆ. ನನ್ನ ಫೋಟೋದಲ್ಲಿ ಪೊರಕೆ ಮೇಲಿದೆ, ನಾನು ನೆಲದ ಮೇಲಿದ್ದೇನೆ.

ಆಮೇಲೆ ಶುರುವಾಯಿತು ಪ್ರಶ್ನೆ. “ತಾತ, ಊಟದ ದೊಡ್ಡ ಹಾಲ್ ಎಲ್ಲಿ? ತಿರುಗೋ ಮೆಟ್ಟಿಲು ಎಲ್ಲಿ?”

ಇಲ್ಲಿದೆ ನೋಡಿ ಉಳಿದರ್ಧ ಸತ್ಯ. ಊಟದ ಹಾಲು ಲಂಡನ್ ಹತ್ತಿರದ ಲೀವ್ಸ್‌ಡನ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು. ಕೆಲವು ಕೈಸಾಲೆಗಳು ಡರಂ, ಗ್ಲೌಸ್ಟರ್ ಕ್ಯಾಥೆಡ್ರಲ್‌ಗಳವು. ಮೋಡ ಮುಟ್ಟುವ ಗೋಪುರಗಳು ಮಾಡೆಲ್ಲು. ಮೂರನೆಯ ಚಿತ್ರದಿಂದ ಕೋಟೆಯ ಕಡೆ ಯೂನಿಟ್ ಬರಲೇ ಇಲ್ಲ. ಸಿನಿಮಾದವನಾದ ನಾನು ಇದನ್ನೆಲ್ಲ ದೊಡ್ಡ ಗತ್ತಿನಿಂದ ಹೇಳಿದೆ. ಮಗುವಿನ ಮುಖ ಸಣ್ಣದಾಯಿತು. ಅಕ್ಕನ ಮಗಳು ನನ್ನನ್ನು ದುರುಗುಟ್ಟಿ ನೋಡಿ, “ನಿಮಗೆ ಇದೆಲ್ಲ ಹೇಳದೇ ಇರೋಕಾಗಲ್ವಾ ಮಾಮ?” ಎಂದಳು. ಹೌದು, ನನ್ನದೇ ತಪ್ಪು. ಹತ್ತು ನಿಮಿಷ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಮೂಸಬೇಡಿ, ಮುಟ್ಟಬೇಡಿ!

ರಾಜಿ ಮಾಡಿಸಿದ್ದು ಪಕ್ಕದ ತೋಟ. ಡಚೆಸ್ ಜೇನ್ ಪರ್ಸಿ ಅವರ ಮುಂದಾಳತ್ವದಲ್ಲಿ ಪಾಳುಬಿದ್ದ ಜಾಗ ಹಸನಾಗಿ 2001ರಲ್ಲಿ ಮೊದಲು ತೆರೆದ ಆನಿಕ್ ಗಾರ್ಡನ್. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ನೀರು, ಮುನ್ನೂರಕ್ಕೂ ಹೆಚ್ಚು ಬಿಳಿ ಚೆರ್ರಿ ಮರ... ಅವೆಲ್ಲ ಚೆಲುವಾಗಿವೆ, ಇರಲಿ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿನ ಇನ್ನೊಂದು ತೋಟ. ಕಪ್ಪು ಕಬ್ಬಿಣದ ಗೇಟು, ಮೇಲೆ ತಲೆಬುರುಡೆಯ ಗುರುತು, ‘ಈ ಗಿಡಗಳು ಕೊಲ್ಲಬಲ್ಲವು’ ಎಂಬ ಎಚ್ಚರಿಕೆ. 2005ರಲ್ಲಿ ತೆರೆದ ವಿಷದ ತೋಟ!

ಗೈಡು ಇಲ್ಲದೆ ಒಳಗೆ ಬಿಡುವುದಿಲ್ಲ. ನೂರಕ್ಕೂ ಹೆಚ್ಚು ವಿಷದ, ಮತ್ತಿನ ಗಿಡಗಳು. ಗಾಂಜಾ, ಕೋಕಾ ಬೆಳೆಸಲು ಸರ್ಕಾರದ ಲೈಸೆನ್ಸ್ ಬೇರೆ. ಬೆಲ್ಲಡೋನಾ ತೋರಿಸಿದರು. ಇಟಲಿಯ ಮಾತಿನಲ್ಲಿ ಅದರ ಅರ್ಥ ‘ಸುಂದರಿ’. ಹಿಂದಿನ ಕಾಲದ ಚೆಲುವೆಯರು ಅದರ ರಸ ಕಣ್ಣಿಗೆ ಬಿಟ್ಟುಕೊಂಡು ಕಣ್ಣಪಾಪೆ ದೊಡ್ಡದು ಮಾಡಿಕೊಳ್ಳುತ್ತಿದ್ದರು. ಕ್ಲೋಸ್‌ಅಪ್ ಇನ್ನೂ ಹುಟ್ಟಿರದ ಕಾಲದಲ್ಲೇ ಕ್ಲೋಸ್‌ಅಪ್ಪಿನ ಚಿಂತೆ ನೋಡಿ!

ಮುಂದಿನ ಗಿಡ ನೋಡಿ ನಾನು ಪೆಚ್ಚಾದೆ. ನಮ್ಮ ಹಿತ್ತಿಲ ಹರಳು ಗಿಡ! ಮಕ್ಕಳ ನೆತ್ತಿಗೆ ಎಣ್ಣೆ ತಟ್ಟುತ್ತೇವಲ್ಲ, ಅದೇ. ಎಣ್ಣೆಯಿಂದ ತೊಂದರೆಯಿಲ್ಲ, ವಿಷ ಬೀಜದಲ್ಲಿದೆ. ಅದರ ಹೆಸರು ರೈಸಿನ್. 1978ರಲ್ಲಿ ಬಲ್ಗೇರಿಯಾದ ಲೇಖಕ ಜಾರ್ಜಿ ಮಾರ್ಕೋವ್ ಲಂಡನ್ನಿನ ವಾಟರ್‌ಲೂ ಸೇತುವೆ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ತೊಡೆಗೆ ಚುರ್ರೆಂದಿತು. ತಿರುಗಿ ನೋಡಿದರೆ ಒಬ್ಬ ಬಿದ್ದ ಛತ್ರಿ ಎತ್ತಿಕೊಳ್ಳುತ್ತಿದ್ದ. ನಾಲ್ಕು ದಿನಕ್ಕೆ ಮಾರ್ಕೋವ್ ಸತ್ತ. ತೊಡೆಯಲ್ಲಿ ಸಿಕ್ಕಿದ್ದು ಗುಂಡುಸೂಜಿಯ ತಲೆಯಷ್ಟು ಗುಂಡು. ಬಾಂಡ್ ಚಿತ್ರದಲ್ಲಿ ತೋರಿಸಿದರೆ ‘ಅತಿಯಾಯ್ತು’ ಎನ್ನುತ್ತಿದ್ದೆವು.

ಅಲ್ಲೇ ನಮ್ಮ ಕಾಡಿನ ಕಾಸರಕವೂ ಇದೆ. ಸ್ಟ್ರಿಕ್ನಿನ್ ಬರುವುದು ಅದರ ಬೀಜದಿಂದ. ಅಗಾಥಾ ಕ್ರಿಸ್ಟಿ ತನ್ನ ಮೊದಲ ಕಾದಂಬರಿಯಲ್ಲಿ ಕೊಲೆ ಮಾಡಿಸಿದ್ದು ಇದರಿಂದಲೇ. ಪುಟ್ಟಿ ನನ್ನ ಕಿವಿಯಲ್ಲಿ, “ತಾತ, ನಿಮ್ಮೂರಲ್ಲಿ ಇದು ಗೇಟ್ ಇಲ್ಲದೇ ಬೆಳೆಯುತ್ತಾ?” ಎಂದಳು. ಹೌದೆಂದೆ. ನನ್ನ ಮೇಲೆ ಅವಳಿಗೆ ಗೌರವ ಮರಳಿ ಬಂತು.

ಬಾಡಿಗೆ ಇಳಿಸಿದ್ದಕ್ಕೆ ಕಂಬ

ಊರಿನ ಅಂಚಿನಲ್ಲಿ 83 ಅಡಿ ಎತ್ತರದ ಒಂದು ಕಂಬ. ತುದಿಯಲ್ಲಿ ಬಾಲವನ್ನು ಕೋಲಿನಂತೆ ನೆಟ್ಟಗೆ ಹಿಡಿದ ಪರ್ಸಿ ಸಿಂಹ. ಬೆಲೆ ಕುಸಿದು ರೈತರು ಒದ್ದಾಡುವಾಗ ಎರಡನೆಯ ಡ್ಯೂಕ್ ಗೇಣಿಯನ್ನು ಕಾಲುಭಾಗ ಇಳಿಸಿದನಂತೆ. ಕೃತಜ್ಞತೆಯಿಂದ ಗೇಣಿದಾರರು ಚಂದಾ ಎತ್ತಿ 1816ರಲ್ಲಿ ಕಂಬ ನಿಲ್ಲಿಸಿದರು. ಅದನ್ನು ನೋಡಿದ ಡ್ಯೂಕ್, ‘ಓಹೋ, ಇಷ್ಟು ದುಡ್ಡಿದೆಯೇ ಇವರ ಹತ್ತಿರ!’ ಎಂದು ಗೇಣಿ ಮತ್ತೆ ಏರಿಸಿದ ಎಂಬುದು ಊರಿನವರು ಸೇರಿಸಿದ ಕ್ಲೈಮ್ಯಾಕ್ಸ್. ಅದು ಕಟ್ಟುಕತೆಯೇ ಇರಬಹುದು. ಆದರೆ ಕಂಬಕ್ಕೆ ‘ರೈತರ ಪೆದ್ದುತನ’ ಎಂಬ ಹೆಸರು ಉಳಿದುಬಿಟ್ಟಿದೆ. ಉಳುವವರು ಮಾಡಿದ ಕತೆ, ನಾನು ಅವರ ಪಕ್ಷ.

ಅದರ ಹತ್ತಿರವೇ ಊರಿನ ಹಳೆಯ ರೈಲು ಸ್ಟೇಷನ್. 1887ರ ಕಟ್ಟಡ. 1968ರಲ್ಲಿ ಪ್ಯಾಸೆಂಜರ್ ರೈಲು ನಿಂತುಹೋಯಿತು. ಈಗ ರೈಲಿಗೆ ನಾಲ್ಕು ಮೈಲಿ ಆಚೆಯ ಆಲ್ನ್‌ಮೌತ್‌ಗೆ ಹೋಗಬೇಕು. ಖಾಲಿ ಸ್ಟೇಷನ್‌ನಲ್ಲಿ 1991ರಲ್ಲಿ ಹಳೆ ಪುಸ್ತಕದಂಗಡಿ ಶುರುವಾಯಿತು, ಬಾರ್ಟರ್ ಬುಕ್ಸ್. ನಿಮ್ಮ ಪುಸ್ತಕ ಕೊಟ್ಟು ಅವರ ಪುಸ್ತಕ ಒಯ್ಯಬಹುದು. ಬೀರುಗಳ ನೆತ್ತಿಯ ಮೇಲೆ ಆಟದ ರೈಲು ಓಡುತ್ತಿರುತ್ತದೆ. 2000ದಲ್ಲಿ ಹರಾಜಿನಲ್ಲಿ ಕೊಂಡ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಒಂದು ಕೆಂಪು ಪೋಸ್ಟರ್ ಸಿಕ್ಕಿತು. 1939ರಲ್ಲಿ ಯುದ್ಧಕ್ಕೆಂದು ಲಕ್ಷಗಟ್ಟಲೆ ಮುದ್ರಿಸಿ, ಅಂಟಿಸದೆ ಬಿಟ್ಟದ್ದು. ‘ಶಾಂತವಾಗಿರಿ, ಮುಂದುವರಿಯಿರಿ’ ಎಂಬ ಅರ್ಥದ ಐದು ಇಂಗ್ಲಿಷ್ ಪದ, ಮೇಲೊಂದು ಕಿರೀಟ. ಇಂದು ಅದು ಲೋಕದ ಟೀ ಲೋಟ, ಬನಿಯನ್ನುಗಳ ಮೇಲೆಲ್ಲ ಇದೆ. ಅರವತ್ತು ವರ್ಷ ಡಬ್ಬದಲ್ಲಿ ಬಿದ್ದಿದ್ದು ಆಮೇಲೆ ಸೂಪರ್‌ಹಿಟ್ಟಾದ ಚಿತ್ರದ ಹಾಗೆ!

ರಾತ್ರಿ ಉಳಿದದ್ದು ಒಂದು ಸಣ್ಣ ಕೋಣೆಯಲ್ಲಿ. ಆದರೆ ವೈಟ್ ಸ್ವಾನ್ ಹೋಟೆಲಿನಲ್ಲಿ ಕಾಫಿ ಕುಡಿದೆವು. ಕಾರಣ ಇದೆ. ಅಲ್ಲಿನ ಒಂದು ಹಾಲಿನ ಗೋಡೆಯ ಮರಗೆಲಸ, ಕನ್ನಡಿಗಳು ‘ಒಲಿಂಪಿಕ್’ ಹಡಗಿನವು. ಟೈಟಾನಿಕ್ಕಿನ ಅಕ್ಕ ಅದು. ತಂಗಿ ಮೊದಲ ಯಾನದಲ್ಲೇ ಮುಳುಗಿದಳು, ಅಕ್ಕ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಾಡಿ 1935ರಲ್ಲಿ ಗುಜರಿಗೆ ಬಂದಳು. 1997ರ ‘ಟೈಟಾನಿಕ್’ ಚಿತ್ರದಲ್ಲಿ ಸೆಟ್ ಹಾಕಿ ತೋರಿಸಿದ ವೈಭವದ ನಿಜವಾದ ಸೋದರಿಯನ್ನು ಇಲ್ಲಿ ಕೈಯಿಂದ ಮುಟ್ಟಬಹುದು.

ಇಪ್ಪತ್ತೆರಡರ ತಾರೆ

ಮರುದಿನ ಕರಾವಳಿಯ ಬಸ್ಸು ಹಿಡಿದು ಬಾಮ್‌ಬರಾ. ಹದಿನೇಳು ಮೈಲಿಯ ಹತ್ತಿರ. ಬಂಡೆಯ ಮೇಲೆ ಕೋಟೆ, ಕೆಳಗೆ ಮೈಲಿಗಟ್ಟಲೆ ಖಾಲಿ ಮರಳು. ಪೋಲನ್‌ಸ್ಕಿ ‘ಮ್ಯಾಕ್‌ಬೆತ್’ (1971) ತೆಗೆದದ್ದು ಇಲ್ಲಿ. ಇಂಡಿಯಾನಾ ಜೋನ್ಸ್‌ನ ಕೊನೆಯ ಚಿತ್ರಕ್ಕೆ 2021ರಲ್ಲಿ ಹ್ಯಾರಿಸನ್ ಫೋರ್ಡ್ ಬಂದದ್ದೂ ಇಲ್ಲಿಗೇ. ಕೋಟೆ ಒಳಗೆ ಹೋಗಿ ಬಂದೆವು. ಆದರೆ ನಾನು ಹೇಳಬೇಕಾದದ್ದು ಎದುರಿನ ಸಣ್ಣ ಮ್ಯೂಸಿಯಮ್ಮಿನ ಕತೆ.

ಗ್ರೇಸ್ ಡಾರ್ಲಿಂಗ್. ಈ ಊರಿನಲ್ಲಿ 1815ರಲ್ಲಿ ಹುಟ್ಟಿದ ಹುಡುಗಿ. ತಂದೆ ಫಾರ್ನ್ ದ್ವೀಪಗಳ ಲಾಂಗ್‌ಸ್ಟೋನ್ ದೀಪಸ್ತಂಭದ ಕಾವಲುಗಾರ. 1838ರ ಸೆಪ್ಟೆಂಬರ್ 7, ಬಿರುಗಾಳಿಯ ಬೆಳಗಿನ ಜಾವ. ಮೇಲಿನ ಕಿಟಕಿಯಿಂದ ನೋಡಿದಾಗ ಬಂಡೆಗೆ ಬಡಿದು ಎರಡಾದ ‘ಫಾರ್ಫರ್‌ಷೈರ್’ ಹಡಗು ಕಂಡಿತು. ಬೆಳಕು ಹರಿದ ಮೇಲೆ ಬಂಡೆಯ ಮೇಲೆ ಅಲುಗುವ ಜೀವಗಳು. ಲೈಫ್‌ಬೋಟ್ ಬರಲಾರದ ಅಲೆ. ಅಪ್ಪ, ಮಗಳು ಇಬ್ಬರೇ ನಾಲ್ವರು ಹುಟ್ಟು ಹಾಕುವ ದೋಣಿ ಇಳಿಸಿ, ಸುತ್ತು ಹಾಕಿ ಸುಮಾರು ಒಂದು ಮೈಲಿ ಹೋದರು. ಅಪ್ಪ ಬಂಡೆಗೆ ನೆಗೆದ. ದೋಣಿ ಕಲ್ಲಿಗೆ ಬಡಿದು ಒಡೆಯದಂತೆ ಮಗಳೊಬ್ಬಳೇ ಹುಟ್ಟು ಹಿಡಿದು ನಿಲ್ಲಿಸಿದಳು. ಬಂಡೆಯ ಮೇಲೆ ಒಬ್ಬ ತಾಯಿ ತನ್ನ ಎರಡು ಮಕ್ಕಳ ಹೆಣ ತಬ್ಬಿ ಕೂತಿದ್ದಳು. ಹೆಣಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಎರಡು ಸಲದಲ್ಲಿ ಒಂಬತ್ತು ಜನ ಬದುಕಿದರು. ಸುಮಾರು ನಲವತ್ತು ಜನ ಹೋದರು.

ಇಲ್ಲಿಂದ ಮುಂದಿನದು ನಮ್ಮ ಪತ್ರಿಕೆಯ ಓದುಗರಿಗೆ ಚೆನ್ನಾಗಿ ಅರ್ಥವಾಗುವ ಕತೆ. ಪತ್ರಿಕೆಗಳು ಆಕೆಯನ್ನು ರಾತ್ರೋರಾತ್ರಿ ತಾರೆ ಮಾಡಿಬಿಟ್ಟವು. ಆಗ ಆಕೆಗೆ ಇಪ್ಪತ್ತೆರಡು. ವಿಕ್ಟೋರಿಯಾ ರಾಣಿಯಿಂದ 50 ಪೌಂಡು. ಚಿತ್ರ ಬರೆಯಲು ಕಲಾವಿದರ ಸಾಲು ದೀಪಸ್ತಂಭಕ್ಕೇ ದೋಣಿಯಲ್ಲಿ ಬಂತು. ನೋಡಲು ಜನರ ದೋಣಿಗಳು ಬೇರೆ. ಲಂಡನ್ನಿನಲ್ಲಿ ಆಕೆಯ ಮೇಲೆ ನಾಟಕ. ರಂಗದ ಮೇಲೆ ಬಂದು ನಿಲ್ಲು ಎಂದು ಕರೆಗಳು. ಅಭಿಮಾನಿಗಳ ಕಾಗದ, ಎಲ್ಲರಿಗೂ ಆಕೆಯ ಕೂದಲಿನ ಒಂದೊಂದು ಎಳೆ ಬೇಕು! ಆಕೆ ಯಾವ ರಂಗಕ್ಕೂ ಹೋಗಲಿಲ್ಲ. ದೀಪದ ಮನೆ ಬಿಟ್ಟು ಇರಲು ಇಷ್ಟವೂ ಇರಲಿಲ್ಲ. ಬಂದ ಹಣ ನೋಡಿಕೊಳ್ಳಲು, ಜನರನ್ನು ತಡೆಯಲು ಆನಿಕ್‌ನ ಡ್ಯೂಕ್ ಪೋಷಕನಾಗಿ ನಿಲ್ಲಬೇಕಾಯಿತು.

1842ರಲ್ಲಿ ಕ್ಷಯ. ಆರೈಕೆಗೆಂದು ಕೆಲವು ಕಾಲ ಆನಿಕ್‌ನಲ್ಲೇ ಇದ್ದಳು. ಡಚೆಸ್ ತನ್ನ ವೈದ್ಯರನ್ನೇ ಕಳಿಸಿದಳು. ನಾವು ಶನಿವಾರ ಚೀಸು ಮೂಸಿ ನೋಡುತ್ತಾ ಅಡ್ಡಾಡಿದ ಊರದು. ಅಲ್ಲೂ ಗುಣವಾಗದೆ ಬಾಮ್‌ಬರಾಕ್ಕೆ ಮರಳಿ, ಅಕ್ಟೋಬರ್ 20ರಂದು ತೀರಿಕೊಂಡಳು. ಇನ್ನೂ ಇಪ್ಪತ್ತಾರು.

ಮ್ಯೂಸಿಯಮ್ಮಿನಲ್ಲಿ ಅದೇ ದೋಣಿ ಇದೆ. ಬಣ್ಣದ ಚಿತ್ರಗಳಲ್ಲಿ ಕೂದಲು ಹಾರಿಸಿಕೊಂಡು ನಿಂತ ನಾಯಕಿಯರೇ ನಾಯಕಿಯರು. ಒಬ್ಬಳ ಮುಖದಂತೆ ಇನ್ನೊಬ್ಬಳ ಮುಖವಿಲ್ಲ. ದೋಣಿ ಮಾತ್ರ ನಿಜದ್ದು, ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಪುಟ್ಟಿ ಅದರ ಸುತ್ತ ಎರಡು ಸಲ ನಡೆದಳು, ಏನೂ ಕೇಳಲಿಲ್ಲ.

ನೀರು ಬಂತು, ಓಡಿ!

ಮುಂದಿನ ವಾರ ಅಕ್ಕನ ಮಗಳ ಕಾರಿನಲ್ಲಿ ಲಿಂಡಿಸ್‌ಫಾರ್ನ್. ದಿನಕ್ಕೆ ಎರಡು ಸಲ ಸಮುದ್ರ ಸರಿದು ದಾರಿ ಬಿಡುತ್ತದೆ, ಎರಡು ಸಲ ನುಂಗುತ್ತದೆ. ಗಂಟೆಯ ಪಟ್ಟಿ ಹಾಕಿರುತ್ತಾರೆ. ಆದರೂ ಪ್ರತಿ ವರ್ಷ ಯಾರಾದರೂ ಕಾರು ಮುಳುಗಿಸಿಕೊಳ್ಳುತ್ತಾರೆ. ಅಂಥವರು ಹತ್ತಿ ಕೂರಲೆಂದು ದಾರಿಯ ಪಕ್ಕ ಮರದ ಕಂಬಗಳ ಮೇಲೆ ಒಂದು ಗೂಡು ಕಟ್ಟಿದ್ದಾರೆ, ನಮ್ಮ ಹೊಲದ ಅಟ್ಟಣೆಯ ಹಾಗೆ. 635ರಲ್ಲಿ ಇಲ್ಲಿ ಮಠ ಶುರುವಾಯಿತು, 793ರಲ್ಲಿ ವೈಕಿಂಗರು ಬಂದು ಕೊಳ್ಳೆ ಹೊಡೆದರು. ದಿಬ್ಬದ ಮೇಲಿನ ಸಣ್ಣ ಕೋಟೆಯನ್ನು 1900ರ ಆಚೀಚೆ ವಾಸದ ಮನೆಯಾಗಿ ತಿದ್ದಿದವನು ಎಡ್ವಿನ್ ಲುಟ್ಯೆನ್ಸ್. ಹೌದು, ನವದೆಹಲಿಯ ರಾಷ್ಟ್ರಪತಿ ಭವನದ ಶಿಲ್ಪಿಯೇ! ಬರ್ಲಿನ್‌ನಲ್ಲಿ ಚಿನ್ನದ ಕರಡಿ ಗೆದ್ದ ಪೋಲನ್‌ಸ್ಕಿಯ ‘ಕುಲ್ ದ ಸಾಕ್’ (1966) ಪೂರ್ತಿ ಇಲ್ಲಿಯದೇ. 2025ರ ‘28 ಇಯರ್ಸ್ ಲೇಟರ್’ ಚಿತ್ರದಲ್ಲಿ ರೋಗದಿಂದ ತಪ್ಪಿಸಿಕೊಂಡ ಜನ ಅಡಗುವ ದ್ವೀಪವೂ ಇದೇ.

ಕೊನೆಯ ಗಳಿಗೆಯಲ್ಲಿ ಇನ್ನೊಂದು ಚಹಾ ಎಂದು ಕೂತವನು ನಾನೇ. ದಾಟುವಾಗ ರಸ್ತೆಯ ಎರಡೂ ಬದಿ ನೀರು ಮಿನುಗುತ್ತಿತ್ತು. “ಇನ್ನೊಂದು ಲೋಟ ಬೇಕಿತ್ತಾ ಮಾಮ?” ಎಂದಳು ಅಕ್ಕನ ಮಗಳು, ಕಣ್ಣು ರಸ್ತೆಯಿಂದ ಕದಲಿಸದೆ.

ಇಲ್ಲದ ಮರ

ಊರಿಗೆ ಹಿಂತಿರುಗುವ ಮುನ್ನ ಒಂದು ಜಾಗ ನೋಡಲೇಬೇಕಿತ್ತು. ಅದು ಆನಿಕ್‌ನ ಮಗ್ಗುಲಲ್ಲಿಲ್ಲ. ಜಿಲ್ಲೆ ಅದೇ, ಆದರೆ ಪಶ್ಚಿಮಕ್ಕೆ ದೂರ, ರೋಮನ್ನರ ಹೇಡ್ರಿಯನ್ ಗೋಡೆಯ ಮೇಲೆ. ಕಾಸ್ಟ್‌ನರ್‌ನ ‘ರಾಬಿನ್ ಹುಡ್’ ನೆನಪಿಸಿಕೊಳ್ಳಿ. ನಾಯಕ ಇಂಗ್ಲೆಂಡಿನ ದಕ್ಷಿಣ ದಡದ ಬಿಳಿ ಬಂಡೆಗಳ ಕೆಳಗೆ ಇಳಿಯುತ್ತಾನೆ. ಕತ್ತಲಾಗುವುದರೊಳಗೆ ಅಪ್ಪನ ಜೊತೆ ಊಟ ಎನ್ನುತ್ತಾನೆ. ಮುಂದಿನ ದೃಶ್ಯಕ್ಕೆ ಮುನ್ನೂರು ಮೈಲಿಗೂ ಆಚೆ, ಎರಡು ಗುಡ್ಡಗಳ ತಗ್ಗಿನಲ್ಲಿ ನಿಂತ ಒಂಟಿ ಮರದ ಕೆಳಗಿರುತ್ತಾನೆ! ಭೂಗೋಳದ ಮೇಷ್ಟರು ತಲೆ ಚಚ್ಚಿಕೊಂಡರು, ಪ್ರೇಕ್ಷಕರು ಮರವನ್ನು ಮರೆಯಲಿಲ್ಲ. ಸಿಕಮೋರ್ ಗ್ಯಾಪ್‌ನ ಮರ. ಅದರ ಕೆಳಗೆ ಎಷ್ಟೋ ಜೋಡಿ ಮದುವೆಯ ಮಾತಾಡಿದ್ದಾರೆ, ಎಷ್ಟೋ ಜನ ತಮ್ಮವರ ಬೂದಿ ಚೆಲ್ಲಿದ್ದಾರೆ.

2023ರ ಸೆಪ್ಟೆಂಬರ್ 28ರ ಬೆಳಗ್ಗೆ ಜನ ನೋಡಿದಾಗ ಮರ ಗೋಡೆಯ ಮೇಲೆ ಉರುಳಿತ್ತು. ರಾತ್ರಿ ಯಾರೋ ಗರಗಸದ ಯಂತ್ರದಿಂದ ಕೊಯ್ದಿದ್ದರು. ಹಣಕ್ಕಲ್ಲ, ಹಗೆಗಲ್ಲ. ಇಬ್ಬರು ಸಿಕ್ಕಿಬಿದ್ದರು. 2025ರ ಜುಲೈನಲ್ಲಿ ಇಬ್ಬರಿಗೂ ನಾಲ್ಕು ವರ್ಷ ಮೂರು ತಿಂಗಳು ಜೈಲು. ಕೊಯ್ಯುವುದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡಿದ್ದರು, ಅದೇ ಸಾಕ್ಷಿಯಾಯಿತು.

ನಾವು ಹೋದಾಗ ಗಾಳಿ ಬೀಸುತ್ತಿತ್ತು. ಎರಡು ಗುಡ್ಡ, ನಡುವೆ ಆಕಾಶ. ಚಿತ್ರದಲ್ಲಿ ನೋಡಿದವರಿಗೆ ಮರ ಇರಬೇಕಾದ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ. ‘28 ಇಯರ್ಸ್ ಲೇಟರ್’ ಚಿತ್ರದಲ್ಲಿ ಕಂಪ್ಯೂಟರಿನಿಂದ ಅದನ್ನು ಮತ್ತೆ ನಿಲ್ಲಿಸಿದ್ದಾರೆ. ಈ ಸಲ ನಾನು ಬಾಯಿ ಬಿಡಲಿಲ್ಲ. ಪುಟ್ಟಿ ಆ ಚಿತ್ರ ನೋಡುವ ವಯಸ್ಸಿನವಳಲ್ಲ, ನೋಡಿದಾಗ ಅವಳೇ ಕಂಡುಕೊಳ್ಳಲಿ.

ಮೋಟಿನ ಸುತ್ತ ಬೇಲಿ. 2024ರ ಬೇಸಗೆಯಲ್ಲಿ ಬುಡದಿಂದ ಎಂಟು ಚಿಗುರು ಬಂದಿವೆ ಎಂದು ಪತ್ರಿಕೆಗಳಲ್ಲಿ ಓದಿದ್ದೆ. ಹೇಳಿದೆ. ಪುಟ್ಟಿ ಬೇಲಿಗೆ ಹಣೆ ಒತ್ತಿ ಎಣಿಸಿದಳು.

“ತಾತ, ಏಳೇ ಇರೋದು.”

“ಎಂಟನೇದು ಆ ಕಡೆ ಇರಬೇಕು, ಸುತ್ತಿ ಹೋಗಿ ನೋಡು” ಎಂದೆ. ಓಡಿದಳು.